ನೆಲೆಯೂ ನಡೆಯೂ: ಓತಿಗಳ ಸಂಚಾರಕ್ಷೇತ್ರದ ವಿಚಾರ

(ಶ್ರೀಮಠದ ಸುವರ್ಣಮಹೋತ್ಸವದ ಜ್ಞಾನಸಭೆಯಲ್ಲಿ ಮಾಡಿದ ಭಾಷಣ)

 

ಇಂಥ ಮಂಗಲಸಮಯದಲ್ಲಿ ನಾಲ್ಕು ಮಾತು ಆಡಬೇಕೆಂದು ನನ್ನಂಥ ಸಾಮಾನ್ಯ ಉಪಾಧ್ಯಾಯನಿಗೆ ಅಪ್ಪಣೆಯಾದದ್ದು ಶ್ರೀಗಳವರ ವಾತ್ಸಲ್ಯದಿಂದಲೇ ಹೊರತು ನನ್ನ ಯೋಗ್ಯತೆಯಿಂದಲ್ಲ. ನಾನು ಬಾಲ್ಯದಲ್ಲಿ ಇದೇ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವನು. ಮುಂದೆ ಪ್ರಾಣಿಶಾಸ್ತ್ರವನ್ನು ಕಲಿಸುತ್ತ ಜೀವನ ಸಾಗಿಸಿದೆನು. ತತ್ತ್ವವಿಚಾರವನ್ನು ಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆ ಅನೇಕರಿರುವರು. ಆದಕಾರಣ ನಾನು ಬಲ್ಲ ವಿಷಯವೊಂದನ್ನೇ ಎತ್ತಿಕೊಳ್ಳುವೆನು. ಅದು ಓತಿಯ ವಿಷಯ. ಮಹೋತ್ಸವದ ಸಭೆಯಲ್ಲಿ ಓತಿಯ ಮಾತೇ ಎಂದು ಕೆಲವರಿಗೆ ನಗೆ ಬಂದೀತು. ಈ ಮಾತಿಗೆ ಒಂದು ಕಾರಣವುಂಟು.

ಹೋದ ತಿಂಗಳು ಹೊಸ ಅತಿಥಿಗೃಹದ ಕಟ್ಟಡದ ಸಲುವಾಗಿ ಭಕ್ತರು ಕೂಡಿದ್ದಾಗ, ಮಠದ ಹಿಂದಣ ಬಂಡೆಯ ತೆಂಕಣ ಮಗ್ಗುಲನ್ನು ಒಡೆದು ಕಲ್ಲು ತೆಗೆಯಬಹುದೆಂಬ ಸೂಚನೆ ಬಂದಿತು. ಕಲ್ಲು ಹತ್ತಿರವೇ ಇದೆ, ಗಾಡಿಬಾಡಿಗೆ ಉಳಿಯುವದು ಎಂಬುದು ಅವರ ಯೋಚನೆ. ನಾನು ಅಂಜುತ್ತಲೇ ಆ ಬಂಡೆಯ ಮೇಲಿನ ಓತಿಗಳ ಮಾತು ತೆಗೆದೆನು. ಆಗ ಒಬ್ಬ ಹಿರಿಯರು, "ಮಾಸ್ತರರೆ, ಅದಕ್ಕೆ ನಾಲ್ಕು ಕಾಲುಗಳುಂಟು. ಬಂಡೆ ಹೋದರೆ ಪಕ್ಕದ ತೋಟಕ್ಕೆ ಹೋದೀತು" ಎಂದರು. ಅವರ ಮಾತಿನಲ್ಲಿ ಕುಚೇಷ್ಟೆಯಿರಲಿಲ್ಲ. ಅದು ನ್ಯಾಯವಾದ ಪ್ರಶ್ನೆಯೇ. ಆಗ ನನಗೆ ಸರಿಯಾದ ಉತ್ತರ ಒದಗಲಿಲ್ಲ. ಇಂದಿನ ನನ್ನ ಭಾಷಣವೆಲ್ಲವೂ ಆ ಹಿರಿಯರಿಗೆ ನಾನು ಕೊಡಬೇಕಾಗಿದ್ದ ಉತ್ತರವೆಂದು ತಿಳಿಯಬೇಕು.

ಮೊದಲು ಎರಡು ಪದಗಳನ್ನು ಸ್ಪಷ್ಟಮಾಡಿಕೊಳ್ಳೋಣ. ಒಂದು ಪ್ರಾಣಿಯು ಮೇಯಲು, ಬಿಸಿಲು ಕಾಯಲು, ಜೊತೆಗೂಡಲು, ಅಡಗಲು ದಿನದಿನವೂ ತಿರುಗಾಡುವ ಜಾಗವೆಲ್ಲವೂ ಅದರ ಸಂಚಾರಕ್ಷೇತ್ರ. ಅದರೊಳಗೆ ತನ್ನ ಜಾತಿಯ ಅನ್ಯರನ್ನು ಬರಗೊಡದೆ ಕಾಯ್ದುಕೊಳ್ಳುವ ಭಾಗವು ಸ್ವಾಧೀನಕ್ಷೇತ್ರ. ರೈತನು ಸಂತೆಗೆ, ಕೆರೆಗೆ, ಬೀಗರ ಊರಿಗೆ ಹೋಗುವನು. ಅದೆಲ್ಲವೂ ಅವನ ಸಂಚಾರ. ಆದರೆ ಬದುವು ಹಾಕಿ ಕಾಯುವದು ತನ್ನ ಹೊಲವನ್ನು ಮಾತ್ರ. ಈ ಭೇದವನ್ನು ಅಮೇರಿಕದ ವಿಲಿಯಂ ಬರ್ಟ್ ಎಂಬ ಪಂಡಿತನು 1943ರಲ್ಲಿ ಸಸ್ತನಿಗಳ ವಿಷಯದಲ್ಲಿ ಖಚಿತವಾಗಿ ವಿವರಿಸಿದನು. ಹಲ್ಲಿ ಓತಿಗಳನ್ನು ಅಭ್ಯಾಸಮಾಡುವವರೂ ಅದನ್ನೇ ಅನುಸರಿಸುವರು.

ಇದನ್ನು ಅಳೆಯುವ ಕ್ರಮವು ಸರಳವಾದದ್ದು. ಓತಿಯನ್ನು ಹಿಡಿದು, ಬೆನ್ನಿನ ಮೇಲೆ ಬಣ್ಣದ ಗುರುತು ಹಾಕಿ ಬಿಡುವರು. ಅದು ಕಂಡ ಕಂಡ ಸ್ಥಳವನ್ನು ನಕಾಶೆಯಲ್ಲಿ ಚುಕ್ಕೆಯಿಟ್ಟು ಗುರುತಿಸುವರು. ಬಹುದಿನಗಳ ಮೇಲೆ ಹೊರಗಿನ ಚುಕ್ಕೆಗಳನ್ನು ಗೆರೆಯಿಂದ ಕೂಡಿಸಿದರೆ ಕ್ಷೇತ್ರದ ಆಕಾರವು ಕಾಣಿಸುವದು. ದೊಡ್ಡ ಜಾತಿಗಳಾದರೆ ಸಣ್ಣ ರೇಡಿಯೋ ಯಂತ್ರವನ್ನು ಅಂಟಿಸಿ ಅದರ ಧ್ವನಿಯನ್ನು ಹಿಂಬಾಲಿಸುವದೂ ಉಂಟು. 1969ರಲ್ಲಿ ಅಮೇರಿಕದ ಮೂವರು ಸಂಶೋಧಕರು ಇಂಥ ಅಳತೆಗಳನ್ನು ಹೋಲಿಸಿ ನೋಡಿ, ದೇಹವು ದೊಡ್ಡದಾದಂತೆ ಕ್ಷೇತ್ರವೂ ದೊಡ್ಡದಾಗುವದೆಂದು ತೋರಿಸಿದರು. ಗಂಡಿನ ಕ್ಷೇತ್ರವು ಹೆಣ್ಣಿನದಕ್ಕಿಂತ ವಿಸ್ತಾರವಾಗಿರುವದೂ ಸಾಮಾನ್ಯವಾಗಿ ಕಂಡುಬಂದಿದೆ. ಆದರೆ ಕ್ಷೇತ್ರವು ಎಷ್ಟು ಎಂಬುದು ಒಂದು ಪ್ರಶ್ನೆ. ಅದರ ಆಕಾರವೇನು, ಅದು ಎಲ್ಲಿ ತಟ್ಟನೆ ಕಡಿದುಹೋಗುವದು ಎಂಬುದು ಇನ್ನೊಂದು. ಈ ಎರಡನೆಯದಕ್ಕೆ ಉತ್ತರವನ್ನು ಪ್ರಾಣಿಯ ತೂಕದಲ್ಲಿ ಹುಡುಕಿದರೆ ಸಿಗದು, ಅದು ಒಗ್ಗಿಕೊಂಡ ನೆಲೆಯಲ್ಲಿ ಹುಡುಕಬೇಕು.

ನೆಲೆಯ ದೃಷ್ಟಿಯಿಂದ ಪ್ರಾಣಿಗಳಲ್ಲಿ ಎರಡು ಬಗೆಗಳುಂಟು. ಎಲ್ಲಿ ಬಿಟ್ಟರೂ ಬದುಕಿಕೊಳ್ಳುವವು ಕೆಲವು. ಒಂದೇ ತರದ ಜಾಗಕ್ಕೆ ಅಂಟಿಕೊಂಡಿರುವವು ಇನ್ನು ಕೆಲವು. ಎರಡನೆಯವುಗಳನ್ನು ನಾನು ನೆಲೆನಿಷ್ಠ ಪ್ರಾಣಿಗಳೆಂದು ಕರೆಯುವೆನು. ನಮ್ಮ ಬೇಲಿಯ ಮೇಲಿನ ಸಾಧಾರಣ ಓತಿಕ್ಯಾತವು ಮೊದಲಿನ ಬಗೆಯದು. ಬೇಲಿ, ಹೊಲ, ಕೈತೋಟ, ರಸ್ತೆಯ ಮಗ್ಗುಲಿನ ಪೊದೆ, ಎಲ್ಲವೂ ಅದಕ್ಕೆ ಒಗ್ಗುವವು. ಮನುಷ್ಯನ ಸಂಗಡ ಹಡಗು ಹತ್ತಿ ಮಾರಿಷಸ್ ದ್ವೀಪಕ್ಕೆ ಹೋಗಿ ಅಲ್ಲಿಯೂ ಸಂಸಾರ ಹೂಡಿದ ಪ್ರಾಣಿ ಅದು. ಹಿರಿಯರು "ಪಕ್ಕದ ತೋಟಕ್ಕೆ ಹೋದೀತು" ಎಂದಾಗ ಅವರ ಕಣ್ಣ ಮುಂದೆ ಇದ್ದದ್ದು ಈ ಬೇಲಿಯ ಓತಿಯೇ ಎಂದು ನನಗೆ ತೋರುವದು. ಅದರ ಮಟ್ಟಿಗೆ ಅವರ ಮಾತು ಸರಿಯಾದದ್ದು.

ನಮ್ಮ ಬಂಡೆಯ ಮೇಲಿರುವದು ಬೇರೆ ಜಾತಿ. ಶಾಸ್ತ್ರದಲ್ಲಿ ಇದಕ್ಕೆ ಸಮ್ಮೋಫಿಲಸ್ ಡಾರ್ಸಾಲಿಸ್ ಎಂಬ ಹೆಸರು. ಕಲ್ಲೋತಿ ಎಂದರೆ ನಮಗೆ ಸಾಕು. ಇದರ ಮೈ ಚಪ್ಪಟೆ, ಕಾಲುಗಳು ಬಲವಾದವು, ಉಗುರುಗಳು ಒರಟು ಕಲ್ಲನ್ನು ಕಚ್ಚಿ ಹಿಡಿಯುವಂಥವು. ಹೆಣ್ಣೂ ಮರಿಗಳೂ ಕಲ್ಲಿನ ಬಣ್ಣದವು. ಗಂಡಿಗೆ ಮಾತ್ರ ಕೂಡುವ ಕಾಲದಲ್ಲಿ ಬೆನ್ನು ಹೊಳೆದು ಮಗ್ಗುಲು ಕಪ್ಪೇರುವದು, ಮತ್ತು ಆ ಬಣ್ಣವು ಎದುರಿಗೆ ಹೆಣ್ಣು ಬಂದಾಗ ಒಂದು ತರ, ಹಗೆ ಬಂದಾಗ ಇನ್ನೊಂದು ತರ ಕ್ಷಣಾರ್ಧದಲ್ಲಿ ಬದಲಾಗುವದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ಈ ಓತಿಯ ಸಾಂದ್ರತೆ, ಅದು ಕೂಡ್ರುವ ಜಾಗ, ಅದರ ದಿನಚರಿ, ಇವನ್ನು ಕುರಿತು 2005ರಲ್ಲಿ ಲೇಖನವನ್ನು ಪ್ರಕಟಿಸಿದರು. ಮರುವರ್ಷ ಅದರ ತಲೆಯಾಡಿಸುವಿಕೆ ಮೊದಲಾದ ಸಂಜ್ಞೆಗಳ ಅರ್ಥವನ್ನು ಕುರಿತು ಇನ್ನೊಂದನ್ನು ಬರೆದರು. ನಮ್ಮ ನಾಡಿನ ಬಂಡೆಗಳ ಮೇಲಿನ ಜೀವನವನ್ನು ನಮ್ಮವರೇ ಕುಳಿತು ನೋಡಿ ಬರೆದದ್ದು ಅಭಿಮಾನದ ಸಂಗತಿ.

ಅವರ ಮಾದರಿಯನ್ನು ಅನುಸರಿಸಿ ನಿವೃತ್ತನಾದ ಮೇಲೆ ನಾನೂ ಒಂದು ಬೇಸಿಗೆಯಲ್ಲಿ ಮಠದ ಹಿಂದಣ ಬಂಡೆಯ ನಕಾಶೆಯನ್ನು ಬರೆದುಕೊಂಡು ಕೂಡ್ರುತ್ತಿದ್ದೆನು. ಬಾಲ್ಯದಲ್ಲಿ ಇವೇ ಓತಿಗಳಿಗೆ ಕಲ್ಲೆಸೆದವನು ನಾನು. ಆ ಋಣವೂ ಮನಸ್ಸಿನಲ್ಲಿತ್ತು. ಬಾಲ ಮುರಿದ ಒಂದು ಗಂಡೋತಿಯನ್ನು ಗುರುತಿಟ್ಟು, ಅದು ಕಂಡಲ್ಲೆಲ್ಲ ಚುಕ್ಕೆಯಿಟ್ಟೆನು. ಬಂಡೆಯ ಎತ್ತರವಾದ ನೆತ್ತಿಯ ಮೇಲೆ ಚುಕ್ಕೆಗಳು ಒತ್ತಾಗಿ ಬಿದ್ದವು. ಹೆಣ್ಣುಗಳು ಕೆಳಗಿನ ಕಲ್ಲುಗಳಲ್ಲಿ, ಮರಿಗಳು ನೆಲದಂಚಿನಲ್ಲಿ ಕಾಣಿಸುತ್ತಿದ್ದವು. ಗಂಡು ಆಗೊಮ್ಮೆ ಈಗೊಮ್ಮೆ ಅಂಚಿಗಿಳಿದು ಇರುವೆಯನ್ನು ಹೆಕ್ಕಿ ಮತ್ತೆ ಏರುತ್ತಿತ್ತು. ಬಂಡೆಯಿಂದ ಇಪ್ಪತ್ತು ಹೆಜ್ಜೆಗೆ ಹುಣಿಸೆಯ ತೋಪು, ಅಲ್ಲಿ ಹುಳಹುಪ್ಪಟೆಗಳಿಗೆ ಕೊರತೆಯಿಲ್ಲ. ಆದರೆ ತೋಪಿನೊಳಗೆ ಒಂದೇ ಒಂದು ಚುಕ್ಕೆಯೂ ಬೀಳಲಿಲ್ಲ. ಕೊನೆಗೆ ಹೊರಚುಕ್ಕೆಗಳನ್ನು ಕೂಡಿಸಿದಾಗ ಬಂದ ಆಕಾರವು ಬಂಡೆಯ ಆಕಾರವೇ ಆಗಿತ್ತು. ಪ್ರಾಣಿಯ ನಕಾಶೆಯನ್ನು ಬರೆಯಹೋಗಿ ನಾನು ಕಲ್ಲಿನ ನಕಾಶೆಯನ್ನು ಬರೆದಿದ್ದೆನು.

ಇಪ್ಪತ್ತು ಹೆಜ್ಜೆಯನ್ನು ಅದೇಕೆ ದಾಟಲಿಲ್ಲ? ಕಾರಣಗಳು ಮೂರು. ಮೊದಲನೆಯದು ಬಿಸಿಲು. ಓತಿಯ ನೆತ್ತರು ನಮ್ಮಂತೆ ತನ್ನಷ್ಟಕ್ಕೆ ತಾನೇ ಬೆಚ್ಚಗಿರುವದಿಲ್ಲ. ಹೊರಗಿನ ಶಾಖವನ್ನೇ ಅದು ಎರವಲು ಪಡೆಯಬೇಕು. ಬೆಳಗ್ಗೆ ಕಲ್ಲಿನ ಬಿಸಿಲುಮಗ್ಗುಲು, ನಡುಹಗಲಿಗೆ ಸಂದಿನ ನೆರಳು, ಸಂಜೆಗೆ ಕಾದ ಕಲ್ಲಿನ ಮೇಲ್ಮೈ, ಹೀಗೆ ನಾಲ್ಕು ಮಾರಿನೊಳಗೆ ಎಲ್ಲ ತರದ ಶಾಖವೂ ದೊರೆಯುವದು ಬಂಡೆಯ ಮೇಲೆಯೇ. ಎರಡನೆಯದು ಅಡಗುದಾಣ. ಚಪ್ಪಟೆ ಮೈಗೆ ಕಲ್ಲಿನ ಬಿರುಕು ಕೋಟೆಯಿದ್ದಂತೆ. ಗಿಡುಗನ ನೆರಳು ಬಿದ್ದೊಡನೆ ಅದು ಅಲ್ಲಿ ಸೇರಿಕೊಳ್ಳುವದು. ತೋಪಿನ ತರಗೆಲೆಯಲ್ಲಿ ಅಂಥ ಬಿರುಕಿಲ್ಲ. ಮೂರನೆಯದು ನೋಟ. ಈ ಓತಿಯು ಅಲೆದಾಡಿ ಬೇಟೆಯಾಡುವದಿಲ್ಲ. ಎತ್ತರದಲ್ಲಿ ಕುಳಿತು ನೋಡಿ, ಹುಳವು ಕಂಡಾಗ ಓಡಿ ಹಿಡಿಯುವದು. ತನ್ನ ಕ್ಷೇತ್ರವನ್ನು ಕಾಯುವದೂ ನೋಟದಿಂದಲೇ, ಹೆಣ್ಣನ್ನು ಕರೆಯುವದೂ ಬಣ್ಣದಿಂದಲೇ. ನೋಟವು ಮುಚ್ಚಿಹೋದಲ್ಲಿ ಅದರ ಬಣ್ಣವೂ ಸಂಜ್ಞೆಯೂ ವ್ಯರ್ಥ. ಹೀಗೆ ಬಂಡೆಯು ಅದಕ್ಕೆ ಒಲೆಯೂ ಹೌದು, ಕೋಟೆಯೂ ಹೌದು, ಗೋಪುರವೂ ಹೌದು.

ಒಂದು ಬಂಡೆಯನ್ನು ನೋಡಿ ಇಷ್ಟು ದೊಡ್ಡ ಮಾತು ಹೇಳುವದು ಸರಿಯೇ ಎಂದು ಯಾರಾದರೂ ಕೇಳಬಹುದು. ಅದಕ್ಕಾಗಿ ಬೇರೆ ನೆಲೆಗಳ ಎರಡು ನಿದರ್ಶನಗಳನ್ನು ಹೇಳುವೆನು. ನಮ್ಮ ಸಭೆಯಲ್ಲಿ ಮಲೆನಾಡಿನ ಭಕ್ತರೂ ಇರುವರು. ಅವರ ಅಡಿಕೆಯ ತೋಟಗಳಲ್ಲಿ ಹಾರುವ ಓತಿಯನ್ನು ಅವರು ಕಂಡೇ ಇರಬೇಕು. ಅದರ ಪಕ್ಕೆಲುಬುಗಳು ಉದ್ದವಾಗಿ ಚಾಚಿ, ಅವುಗಳ ಮೇಲೆ ತೊಗಲು ಕೊಡೆಯಂತೆ ಬಿಚ್ಚಿಕೊಳ್ಳುವದು. ಒಂದು ಮರದಿಂದ ಇನ್ನೊಂದಕ್ಕೆ ಅದು ತೇಲಿ ಹೋಗುವದು. ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕಿಳಿಯುವದು. ಇದರ ಕ್ಷೇತ್ರವನ್ನು ಎಕರೆಗಳಿಂದ ಅಳೆದರೆ ಅರ್ಥವಾಗದು. ಅದರ ಹೊಲವೆಂದರೆ ನಿಂತ ಕಂಬಗಳು ಮತ್ತು ಅವುಗಳ ನಡುವಣ ಗಾಳಿ. ತೇಲಿ ಮುಟ್ಟಬಹುದಾದಷ್ಟು ದೂರದಲ್ಲಿ ಮುಂದಿನ ಮರವಿದ್ದರೆ ದಾರಿಯುಂಟು. ನಡುವಿನ ಸಾಲು ಕಡಿದುಹೋದರೆ ಆಚೆಯ ತೋಟವು ಕಣ್ಣಿಗೆ ಕಂಡರೂ ಅದಕ್ಕೆ ದೂರದೇಶವೇ.

ಇನ್ನೊಂದು ನಿದರ್ಶನವು ಸಮುದ್ರದಾಚೆಯದು. ಓತಿಗಳ ನೆಲೆಯ ವಿಷಯದಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಅಭ್ಯಾಸ ನಡೆದಿರುವದು ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲಿ. ಅಲ್ಲಿಯ ಅನೋಲಿಸ್ ಎಂಬ ಓತಿಗಳು ಒಂದೇ ಮರವನ್ನು ಅಣ್ಣತಮ್ಮಂದಿರು ಮನೆ ಹಂಚಿಕೊಂಡಂತೆ ಹಂಚಿಕೊಂಡಿರುವವು. ಬೊಡ್ಡೆಯದು ಒಂದು, ಕಾಂಡದ್ದು ಒಂದು, ತುದಿಯದು ಒಂದು, ಕಿರುಕೊಂಬೆಯದು ಒಂದು, ಹುಲ್ಲುಪೊದೆಯದು ಒಂದು. 1972ರಲ್ಲಿ ಅರ್ನೆಸ್ಟ್ ವಿಲಿಯಮ್ಸ್ ಎಂಬ ಪಂಡಿತನು ಇಂಥ ವರ್ಗಗಳಿಗೆ ಒಂದು ಹೆಸರನ್ನು ಕೊಟ್ಟನು. ಆಶ್ಚರ್ಯವೇನಂದರೆ, ಬೇರೆ ಬೇರೆ ದ್ವೀಪಗಳಲ್ಲಿ ಇವೇ ವರ್ಗಗಳು ಒಂದರಿಂದೊಂದು ಬಾರದೆ ಸ್ವತಂತ್ರವಾಗಿಯೇ ಹುಟ್ಟಿಬಂದಿರುವವು ಎಂದು 1998ರಲ್ಲಿ ಸಿದ್ಧವಾಯಿತು. ನೆಲೆಯೊಂದೇ ಆದರೆ ಶರೀರವೂ ಒಂದೇ ತರ ರೂಪುಗೊಳ್ಳುವದೆಂದು ಇದರ ಅರ್ಥ.

ಶರೀರದಂತೆ ನಡೆಯೂ. ಜಮೈಕ ದ್ವೀಪದ ಬೊಡ್ಡೆಯ ಓತಿಗೆ ಕಾಲುಗಳು ಉದ್ದ. ಅದು ಕಾಂಡದ ಕೆಳಭಾಗದಲ್ಲಿ ತಲೆಕೆಳಗಾಗಿ ಕುಳಿತು ಸುತ್ತಣ ನೆಲವನ್ನು ನೋಡುತ್ತಿರುವದು. ನೋಟವು ಮುಟ್ಟುವಷ್ಟು ಸಣ್ಣ ಕ್ಷೇತ್ರವನ್ನು ಬಿರುಸಾಗಿ ಕಾಯುವದು. ಅದೇ ಮರದ ಕಿರುಕೊಂಬೆಯ ಓತಿಗೆ ಕಾಲುಗಳು ಮೋಟು. ಅದು ಮೆಲ್ಲಮೆಲ್ಲನೆ ಕೊಂಬೆಯಿಂದ ಕೊಂಬೆಗೆ ತೆವಳಿ ಹುಳಗಳನ್ನು ಹುಡುಕುತ್ತ ದೂರ ಅಲೆಯುವದು. ಕಾವಲಿನ ಆರ್ಭಟ ಅದಕ್ಕೆ ಕಡಿಮೆ. 1989ರಲ್ಲಿ ಈ ಕುಲದ ಓತಿಗಳನ್ನು ದಪ್ಪ ಕೋಲು, ತೆಳು ಕೋಲುಗಳ ಮೇಲೆ ಓಡಿಸಿ ನೋಡಿದರು. ದಪ್ಪ ಕೋಲಿನ ಮೇಲೆ ಉದ್ದಗಾಲಿನವು ವೇಗದಲ್ಲಿ ಮುಂದು, ಆದರೆ ಕೋಲು ತೆಳುವಾದಂತೆ ಅತಿ ಹೆಚ್ಚು ವೇಗವನ್ನು ಕಳೆದುಕೊಂಡವುಗಳೂ ಅವೇ. ಮೋಟುಗಾಲಿನವು ಎಲ್ಲಿಯೂ ವೇಗವಾಗಿ ಓಡಲಿಲ್ಲ, ಆದರೆ ತೆಳು ಕೋಲಿನ ಮೇಲೆ ಎಡವಲೂ ಇಲ್ಲ. ಒಂದು ನೆಲೆಯಲ್ಲಿ ನಿಪುಣತೆಯನ್ನು ಗಳಿಸಿದ ಪ್ರಾಣಿಯು ಅದರ ಬೆಲೆಯನ್ನು ಇನ್ನೊಂದು ನೆಲೆಯಲ್ಲಿ ತೆರಬೇಕಾಗುವದು. ನೆಲೆನಿಷ್ಠೆಯ ಗುಟ್ಟೆಲ್ಲ ಇಷ್ಟೇ. ಹಿರಿಯರ ಪ್ರಶ್ನೆಗೆ ಅರ್ಧ ಉತ್ತರವು ಇಲ್ಲಿ ದೊರೆಯಿತು. ಕಾಲುಗಳುಂಟು, ನಿಜ. ಆದರೆ ಅವು ಎಲ್ಲ ದಾರಿಗೂ ಆದ ಕಾಲುಗಳಲ್ಲ.

ಉಳಿದರ್ಧ ಉತ್ತರವು, ನೆಲೆ ಒಡೆದಾಗ ಇಂಥ ಪ್ರಾಣಿಗೆ ಏನಾಗುವದು ಎಂಬುದು. ಅದಕ್ಕೆ ಸಾಕ್ಷಿಯನ್ನು ಅಮೇರಿಕದ ನ್ಯೂಮೆಕ್ಸಿಕೋ ಮತ್ತು ಟೆಕ್ಸಾಸ್ ಸಂಸ್ಥಾನಗಳ ಮರಳುದಿಬ್ಬಗಳು ಕೊಡುವವು. ಅಲ್ಲಿ ಕುಳ್ಳಾದ ಓಕ್ ಗಿಡಗಳು ಮರಳನ್ನು ಹಿಡಿದು ನಿಲ್ಲಿಸುವವು. ಅವುಗಳ ನಡುವೆ ಗಾಳಿಯು ಮರಳನ್ನು ತೋಡಿ ಬಟ್ಟಲಿನಂಥ ತಗ್ಗುಗಳನ್ನು ಮಾಡುವದು. ಆ ಓಕ್ ಗಿಡ, ಆ ಬಟ್ಟಲುತಗ್ಗು, ಇವೆರಡೂ ಕೂಡಿದಲ್ಲಿ ಮಾತ್ರ ಬಾಳುವ ಒಂದು ಓತಿಯುಂಟು. ಅಪಾಯ ಬಂದರೆ ಅದು ಮರಳಿನಲ್ಲಿ ಹೂತುಕೊಳ್ಳುವದು. ಅದೇ ಸೀಮೆಯಲ್ಲಿ ಎಣ್ಣೆಯ ಬಾವಿಗಳನ್ನು ತೋಡಿ, ಬಾವಿಯಿಂದ ಬಾವಿಗೆ ಗಟ್ಟಿ ರಸ್ತೆಗಳನ್ನು ಹಾಕಿದರು. ರಸ್ತೆಯು ತೆಗೆದುಕೊಂಡ ಜಾಗ ಸ್ವಲ್ಪವೇ. ಆದರೆ ದಿಬ್ಬಗಳ ಸಾಲು ತುಂಡುತುಂಡಾಯಿತು. ಬಾವಿಗಳೂ ರಸ್ತೆಗಳೂ ದಟ್ಟವಾದ ಕಡೆಗಳಲ್ಲಿ ತಗ್ಗುಗಳು ಕಡಿಮೆಯೂ ಸಣ್ಣವೂ ಆಗಿ, ಓತಿಗಳ ಸಮುದಾಯವೇ ಕದಡಿಹೋಗಿ, ದಿಬ್ಬಕ್ಕೇ ಕಟ್ಟುಬಿದ್ದ ಈ ಜಾತಿಯು ಇಲ್ಲದಾಗುವದನ್ನು 2013ರಲ್ಲಿ ಪ್ರಕಟವಾದ ಅಭ್ಯಾಸವೊಂದು ತೋರಿಸಿತು. ಮುಂದೆ ಟೆಕ್ಸಾಸಿನಲ್ಲಿ ಮರಳನ್ನೇ ಅಗೆದು ಸಾಗಿಸುವ ಗಣಿಗಳೂ ಬಂದವು. ಇದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸುವ ಸೂಚನೆಯು 2010ರಲ್ಲಿ ಬಂದು, 2012ರಲ್ಲಿ ಹಿಂದಕ್ಕೆ ಹೋಗಿ, ಕಡೆಗೆ 2024ರ ಮೇ ತಿಂಗಳಲ್ಲಿ ಆ ದೇಶದ ಸರಕಾರದಿಂದ ನಿರ್ಣಯವಾಯಿತು. ಇಲ್ಲಿ ನಾವು ಕಲಿಯುವದೇನಂದರೆ, ಬಹುನೆಲೆಯ ಪ್ರಾಣಿಗೆ ಜಾಗದ ಅಳತೆ ಸಾಕು. ನೆಲೆನಿಷ್ಠ ಪ್ರಾಣಿಗೆ ಜಾಗದ ಜೋಡಣೆಯೂ ಬೇಕು. ಹತ್ತು ತುಂಡುಗಳನ್ನು ಕೂಡಿಸಿದರೆ ಲೆಕ್ಕದಲ್ಲಿ ಒಂದು ದಿಬ್ಬವಾದೀತು, ಓತಿಗೆ ಆಗಲಾರದು.

ಈಗ ಮಠದ ಬಂಡೆಗೆ ಮರಳಿ ಬರುವೆನು. ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದದ್ದನ್ನು ನಾನೇ ಹೇಳಿಬಿಡುವದು ಪ್ರಾಮಾಣಿಕತೆ. ಕಲ್ಲೋತಿಯು ಆ ಮರಳಿನ ಓತಿಯಂತೆ ಅಳಿವಿನಂಚಿನಲ್ಲಿಲ್ಲ. ದಕ್ಷಿಣಭಾರತದ ಬಂಡೆಗಾಡುಗಳಲ್ಲಿ ಅದು ಸಾಕಷ್ಟುಂಟು. ಬೆಂಗಳೂರಿನ ಖಾಲಿ ನಿವೇಶನಗಳಲ್ಲಿ, ಕಾಂಪೌಂಡಿನ ಗೋಡೆಗಳ ಮೇಲೆ, ರಾಶಿ ಹಾಕಿದ ಇಟ್ಟಿಗೆಗಳ ಮೇಲೆ ಕೂಡ ಅದು ವಾಸಮಾಡುವದು. ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಗರದಂಚಿನ ಓತಿಗಳು ಕ್ಷೇಮವಾದ ಅಡಗುದಾಣವನ್ನು ಹಳ್ಳಿಗಾಡಿನವುಗಳಿಗಿಂತ ಬೇಗನೆ ಕಲಿತುಕೊಂಡವು. ಹಾಗಾದರೆ ಅದು ನೆಲೆಯನ್ನು ಬದಲಾಯಿಸಿತಲ್ಲವೆ? ನೋಡಿರಿ, ಗೋಡೆಯಲ್ಲಿಯೂ ಅದು ಆರಿಸಿಕೊಂಡದ್ದು ಎತ್ತರ, ಬಿಸಿಲು, ಬಿರುಕು, ಇವು ಮೂರನ್ನೇ. ಹೆಸರು ಗೋಡೆಯಾದರೂ ಅದರ ಪಾಲಿಗೆ ಅದು ಬಂಡೆಯೇ. ನಗರದ ನಡುವೆ ಹುಟ್ಟಿ ಬೆಳೆದರೂ ಅದು ಪಕ್ಕದ ತೋಪಿನ ಪ್ರಾಣಿಯಾಗಲಿಲ್ಲ.

ಆದ್ದರಿಂದ, ತೆಂಕಣ ಮಗ್ಗುಲನ್ನು ಒಡೆದರೆ ಕಲ್ಲೋತಿಯ ಕುಲವು ಲೋಕದಿಂದ ಅಳಿಯುವದೆಂದು ನಾನು ಹೇಳಲಾರೆ. ಆದರೆ ಈ ಬಂಡೆಯ ಓತಿಗಳು ಪಕ್ಕದ ತೋಟಕ್ಕೆ ಹೋಗಿ ಬದುಕುವವೆಂದೂ ಹೇಳಲಾರೆ. ತೆಂಕಣ ಮಗ್ಗುಲಲ್ಲಿಯೇ ಬಿರುಕುಗಳು ಹೆಚ್ಚು, ಚಳಿಗಾಲದ ಬಿಸಿಲೂ ಅಲ್ಲಿಯೇ. ಉಳಿದ ಮಗ್ಗುಲುಗಳಲ್ಲಿ ಆಗಲೇ ಬೇರೆ ಓತಿಗಳು ತಮ್ಮ ತಮ್ಮ ಕ್ಷೇತ್ರವನ್ನು ಕಾಯುತ್ತಿರುವವು. ಅಲ್ಲಿಗೆ ಹೋದವುಗಳಿಗೆ ಜಗಳವಲ್ಲದೆ ಜಾಗವಿಲ್ಲ. ಇನ್ನೊಂದು ಮಾತು. ಬಳ್ಳಾರಿಯ ಸೀಮೆಯಿಂದ ರಾಮನಗರದ ಆಚೆಗೂ ಹಬ್ಬಿದ ಕಣಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಭೂಶಾಸ್ತ್ರಜ್ಞರು ಹೇಳುವರು. ತೋಪನ್ನು ಕಡಿದರೆ ನಮ್ಮ ಮೊಮ್ಮಕ್ಕಳು ಮತ್ತೆ ಬೆಳೆಸಿಯಾರು. ಬಂಡೆಯನ್ನು ಯಾರೂ ಬೆಳೆಸಲಾರರು.

ಶ್ರೀಮಠಕ್ಕೆ ಅತಿಥಿಗೃಹ ಬೇಡವೆಂದು ನನ್ನ ಮಾತಲ್ಲ. ದೂರದಿಂದ ಬರುವ ಭಕ್ತರಿಗೆ ನೆರಳು ಬೇಕು. ಈಗಾಗಲೇ ತೆರೆದಿರುವ ಕಲ್ಲುಗಣಿಗಳಿಂದ ಕಲ್ಲು ತರಿಸಬಹುದು. ಹೆಚ್ಚಾಗುವ ಗಾಡಿಬಾಡಿಗೆಯಲ್ಲಿ ನನ್ನ ಒಂದು ತಿಂಗಳ ಪಿಂಚಣಿಯನ್ನು ಈ ಸಭೆಯಲ್ಲಿಯೇ ಸಲ್ಲಿಸುವೆನು. ಬಂಡೆಯ ಮೇಲೆ ಬಿಡಿಯಾಗಿ ಬಿದ್ದಿರುವ ಹಾಸುಗಲ್ಲುಗಳನ್ನು ತೆಗೆಯದಿದ್ದರೆ ಮತ್ತು ಬಿರುಕುಗಳಿಗೆ ಗಾರೆ ತುಂಬದಿದ್ದರೆ ಅಷ್ಟೇ ಸಾಕು, ಅದಕ್ಕೆ ಖರ್ಚಿಲ್ಲ. ಹೊಸ ಆವರಣದ ಗೋಡೆಯನ್ನು ಗಾರೆಯಿಲ್ಲದ ಒಣಗಲ್ಲಿನಿಂದ ಕಟ್ಟಿದರೆ ಇನ್ನೂ ಕೆಲವಕ್ಕೆ ಮನೆಯಾದೀತು. ಪ್ರಸಾದನಿಲಯದ ಹುಡುಗರಿಗೆ ಒಂದು ನಕಾಶೆ, ಒಂದು ಪೆನ್ಸಿಲು ಕೊಟ್ಟು ವರ್ಷಕ್ಕೊಮ್ಮೆ ಬಂಡೆಯ ಮುಂದೆ ಕೂಡ್ರಿಸಿದರೆ ಕಲ್ಲೆಸೆಯುವ ಕೈಗಳು ಚುಕ್ಕೆಯಿಡುವ ಕೈಗಳಾದಾವು. ನನ್ನ ಕೈ ಹಾಗಾಗಲು ಐವತ್ತು ವರ್ಷ ಬೇಕಾಯಿತು. ಅವರಿಗೆ ಅಷ್ಟು ತಡವಾಗದಿರಲಿ.

ಆ ಹಿರಿಯರು ಈ ಸಭೆಯಲ್ಲಿಯೇ ಇರುವರು. ಅವರ ಪ್ರಶ್ನೆಯೇ ನನ್ನಿಂದ ಇಷ್ಟನ್ನು ಹೇಳಿಸಿತು. ಅವರಿಗೆ ನನ್ನ ಕೃತಜ್ಞತೆಗಳು. ನಿರ್ಣಯವು ಶ್ರೀಗಳವರದು ಮತ್ತು ಭಕ್ತರದು. ಮಧ್ಯಾಹ್ನದ ಪ್ರಸಾದವಾದ ಮೇಲೆ ಯಾರಿಗಾದರೂ ಅವಕಾಶವಿದ್ದರೆ ಬಂಡೆಯ ಬಳಿಗೆ ನನ್ನ ಸಂಗಡ ಬರಬೇಕೆಂದು ಬಿನ್ನವಿಸುವೆನು. ಇಳಿಹೊತ್ತಿನಲ್ಲಿ ಅವು ಹೊರಗೆ ಬಂದು ಕೂಡ್ರುವವು.